ಉಪಾಧ್ಯಕ್ಷರ ಎರಡು ಪುಟ

ಸೀಗೆಗುಡ್ಡ ಗ್ರಾಮ ಪಂಚಾಯತಿಗೆ ಹತ್ತು ವರ್ಷ ತುಂಬಿದ್ದು ಎರಡು ಸಾವಿರದ ನಾಲ್ಕರಲ್ಲಿ. ಅದರ ನೆನಪಿಗೆ ಒಂದು ಪುಸ್ತಕ ತರಬೇಕು ಎಂದು ಉಗ್ರಪ್ಪ ತೀರ್ಮಾನ ಮಾಡಿದರು. ಆಗ ಅಧ್ಯಕ್ಷೆಯಾಗಿದ್ದವಳು ಅವರ ಸೊಸೆ ಹೇಮಾವತಿ. ಆದರೆ ಊರಿನವರು ಈಗಲೂ ‘ಅಧ್ಯಕ್ಷರು’ ಅನ್ನುತ್ತಿದ್ದದ್ದು ಉಗ್ರಪ್ಪನವರನ್ನೇ. ಪಂಚಾಯತಿ ಶುರುವಾದಾಗ ಮೊದಲ ಐದು ವರ್ಷ ಅವರೇ ಅಧ್ಯಕ್ಷರಾಗಿದ್ದರು. ಆಮೇಲೆ ಮೀಸಲಾತಿ ಬದಲಾಯಿತು, ಹೆಸರುಗಳು ಬದಲಾದವು, ಅವರು ಕೂರುತ್ತಿದ್ದ ಕುರ್ಚಿ ಮಾತ್ರ ಬದಲಾಗಲಿಲ್ಲ. ಹೇಮಾವತಿ ಪಕ್ಕದ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತು, ಮಾವ ಬೆರಳಿಟ್ಟು ತೋರಿಸಿದ ಜಾಗದಲ್ಲಿ ಸಹಿ ಮಾಡಿ ಮನೆಗೆ ಹೋಗುತ್ತಿದ್ದಳು.

ಅಧ್ಯಕ್ಷರ ಚರಿತ್ರೆ ಬರೆಯುವ ಕೆಲಸ ನಿವೃತ್ತ ಹೆಡ್‌ಮಾಸ್ತರೊಬ್ಬರಿಗೆ ಹೋಯಿತು. ಅದಕ್ಕೆ ನಲವತ್ತು ಪುಟ, ಬಣ್ಣದ ಫೋಟೊ ಬೇರೆ. ಉಪಾಧ್ಯಕ್ಷರ ಚರಿತ್ರೆ ಪಂಚಾಯತಿ ಗ್ರಂಥಾಲಯ ನೋಡಿಕೊಳ್ಳುತ್ತಿದ್ದ ದೇವಿಕಾಳ ಪಾಲಿಗೆ ಬಂತು.

“ಎರಡು ಪುಟ ಸಾಕವ್ವ,” ಅಂದರು ಉಗ್ರಪ್ಪ. “ಉಪಾಧ್ಯಕ್ಷ ಅಂದ್ರೆ ಯಾರು? ಅಧ್ಯಕ್ಷ ಬರೋಗಂಟ ಕುರ್ಚಿ ಬೆಚ್ಚಗಿಡೋನು. ಹೆಸರು, ಇಸವಿ ಬರ್ದು ಕೊಡು, ಮುಗೀತು.”

ಅಲ್ಲಿದ್ದವರೆಲ್ಲ ನಕ್ಕರು. ಪ್ಲಾಸ್ಟಿಕ್ ಕುರ್ಚಿಯಲ್ಲಿದ್ದ ಹೇಮಾವತಿ ನಗಲಿಲ್ಲ. ಆ ಹೊತ್ತಿಗೆ ದೇವಿಕಾ ಅದನ್ನು ಗಮನಕ್ಕೆ ತಂದುಕೊಳ್ಳಲಿಲ್ಲ.

ದೇವಿಕಾ ಕುರಿ ಸಾಕುವ ಮನೆಯ ಹುಡುಗಿ. ಚಿತ್ರದುರ್ಗದಲ್ಲಿ ಹಾಸ್ಟೆಲಿನಲ್ಲಿದ್ದು ಬಿ.ಎ. ಓದಿದ್ದಳು, ಅದೂ ಇತಿಹಾಸ. ಮೂರು ವರ್ಷ ರಾಜರ ಹೆಸರು, ಯುದ್ಧದ ಇಸವಿ ಬಾಯಿಪಾಠ ಮಾಡಿದ್ದವಳಿಗೆ ತನ್ನ ಊರಿನ ಚರಿತ್ರೆಯನ್ನು ತಾನೇ ಬರೆಯುವುದೆಂದರೆ ಎರಡು ಪುಟವಾದರೂ ಸಣ್ಣ ಸಂಗತಿಯಾಗಿರಲಿಲ್ಲ. ಹೆಸರು ಇಸವಿ ಗೀಚಿ ಕೊಟ್ಟರೆ ಯಾರೂ ಕೇಳುತ್ತಿರಲಿಲ್ಲ. ಅವಳು ಹಾಗೆ ಮಾಡದೆ ಪಂಚಾಯತಿ ಕಚೇರಿಯ ಹಿಂದಿನ ಕೋಣೆಯ ಬೀಗ ತೆಗೆಸಿ, ಹಳೆಯ ಬೀರುವಿನಿಂದ ಹತ್ತು ವರ್ಷದ ನಡಾವಳಿ ಪುಸ್ತಕಗಳನ್ನು ಕೆಳಗಿಳಿಸಿಕೊಂಡಳು. ಪ್ರತಿ ಸಭೆಯಲ್ಲಿ ಯಾರು ಬಂದಿದ್ದರು, ಏನು ಮಾತಾಯಿತು, ಏನು ಒಪ್ಪಿದರು, ಎಲ್ಲವೂ ಅದರಲ್ಲಿರುತ್ತದೆ. ಇಲಿ ಕಡಿದದ್ದು ಬಿಟ್ಟರೆ ಎಲ್ಲವೂ ಓದುವಂತಿತ್ತು.

ಹತ್ತು ವರ್ಷದಲ್ಲಿ ಉಪಾಧ್ಯಕ್ಷರು ನಾಲ್ವರು. ಈಗಿನ ದೊಡ್ಡತಿಮ್ಮಪ್ಪ ಸಭೆಗೆ ಬಂದು ಚಹಾ ಕುಡಿದು ಹೋಗುವವರು. ಅವರಿಗಿಂತ ಮುಂಚಿನ ಬೀರೇಶನ ಕಾಲದಲ್ಲಿ ಎರಡು ಬೀದಿಗೆ ಚರಂಡಿಯಾಗಿತ್ತು. ಅದಕ್ಕೂ ಮುಂಚೆ ಗೊಲ್ಲಪ್ಪ. ಎಲ್ಲರಿಗಿಂತ ಮೊದಲು, ತೊಂಬತ್ತನಾಲ್ಕರಿಂದ ತೊಂಬತ್ತಾರರವರೆಗೆ, ತಿಪ್ಪಕ್ಕ.

ತಿಪ್ಪಕ್ಕ ಯಾರೆಂದು ದೇವಿಕಾಗೆ ಚೆನ್ನಾಗಿ ಗೊತ್ತಿತ್ತು. ಊರ ಹೊರಗಿನ ಹಟ್ಟಿಯಲ್ಲಿ ಒಂದು ಹಿಂಡು ಕುರಿ ಇಟ್ಟುಕೊಂಡು ಒಬ್ಬಳೇ ಇರುವ ಹೆಂಗಸು. ಬಾವಿಕಟ್ಟೆಗೆ ಬಂದರೆ ಮಿಕ್ಕವರ ಮಾತು ನಿಂತುಹೋಗುತ್ತಿತ್ತು. ದೇವಿಕಾ ಹೈಸ್ಕೂಲಿಗೆ ಹೋಗುತ್ತಿದ್ದಾಗ ಅವಳ ಅವ್ವನೇ ಹೇಳುತ್ತಿದ್ದಳು, ಅವಳು ಕಲ್ಲು ಕ್ವಾರಿಯವನ ಹತ್ತಿರ ಎರಡೆಳೆ ಸರ ಇಸಕೊಂಡು ಕುರ್ಚಿ ಬಿಟ್ಟವಳು, ಕುರಿ ಮೇಯುವ ಗುಡ್ಡ ಮಾರಿಕೊಂಡವಳು ಎಂದು. ಗುಡ್ಡ ಹೋದದ್ದಂತೂ ನಿಜ. ಊರ ಪಡುವಲಿಗಿದ್ದ ಸೀಗೆಗುಡ್ಡದ ಅರ್ಧವನ್ನು ಎಂಟು ವರ್ಷದಲ್ಲಿ ಕ್ವಾರಿ ತಿಂದು ಹಾಕಿತ್ತು. ಮಧ್ಯಾಹ್ನ ಬಂಡೆ ಸಿಡಿಸಿದರೆ ಗ್ರಂಥಾಲಯದ ಕಿಟಕಿ ಗಾಜು ನಡುಗುತ್ತಿತ್ತು.

ನಡಾವಳಿ ಪುಸ್ತಕದಲ್ಲಿ ತಿಪ್ಪಕ್ಕನ ಸಹಿ ನೋಡಿ ದೇವಿಕಾಗೆ ಮೊದಲು ನಗು ಬಂತು. ಅಕ್ಷರಗಳು ಗೆರೆಯ ಮೇಲೆ ನಿಂತಿರಲಿಲ್ಲ. ‘ತಿ’ ಒಂದು ಕಡೆ, ಒತ್ತಕ್ಷರಗಳು ಗೆರೆ ದಾಟಿ ಕೆಳಗಿನವರ ಸಹಿಯ ಮೇಲೆ ಕೂತಿದ್ದವು. ಸಾಕ್ಷರತಾ ಆಂದೋಲನದಲ್ಲಿ ಲಾಟೀನಿನ ಮುಂದೆ ಕೂತು ಕಲಿತ ಕೈ ಅದು. ಆದರೆ ಸಭೆಯಿಂದ ಸಭೆಗೆ ಆ ಸಹಿ ಚಿಕ್ಕದಾಗುತ್ತಾ, ನೆಟ್ಟಗಾಗುತ್ತಾ ಬಂದಿತ್ತು. ಹದಿನಾಲ್ಕು ಸಭೆ, ಹದಿನಾಲ್ಕು ಸಹಿ. ಒಂದನ್ನೂ ತಪ್ಪಿಸಿರಲಿಲ್ಲ. ನಾಲ್ವರು ಉಪಾಧ್ಯಕ್ಷರಲ್ಲಿ ಹೀಗೆ ಒಂದೂ ಸಭೆ ಬಿಡದೆ ಬಂದವಳು ಅವಳೊಬ್ಬಳೇ.

ತೊಂಬತ್ತಾರರ ಬೇಸಿಗೆಯ ಪುಟಗಳಿಗೆ ಬಂದಾಗ ನಗು ನಿಂತಿತು. ಉಗ್ರಪ್ಪ ಮೋಟರ್‌ ಸೈಕಲ್ಲಿನಿಂದ ಬಿದ್ದು ಕಾಲು ಮುರಿದುಕೊಂಡು ಮೂರು ತಿಂಗಳು ಆಸ್ಪತ್ರೆ, ಮನೆ ಅಂತ ಮಲಗಿದ್ದರು. ಆ ಅವಧಿಯಲ್ಲಿ ನಡೆದ ಎರಡು ಸಭೆ ನಡೆಸಿದವಳು ಉಪಾಧ್ಯಕ್ಷೆ. ಎರಡೂ ಸಭೆಯ ಕೊನೆಗೆ ‘ಅಧ್ಯಕ್ಷತೆ ವಹಿಸಿದವರು’ ಎಂದು ಬರೆದ ಕಡೆ ಆ ಒತ್ತಕ್ಷರದ ಸಹಿ ಇತ್ತು. ಎರಡನೆಯ ಸಭೆಯ ಮೊದಲ ವಿಷಯವೇ ಸೀಗೆಗುಡ್ಡದ ಗೋಮಾಳದಲ್ಲಿ ಕಲ್ಲು ಕ್ವಾರಿಗೆ ಪಂಚಾಯತಿ ಒಪ್ಪಿಗೆ ಕೊಡುವ ಅರ್ಜಿ. ಅದರ ಕೆಳಗೆ ಬರೆದಿತ್ತು: ‘ಕುರಿ ದನ ಮೇಯುವ ಜಾಗ ಇದೊಂದೇ ಇರುವುದರಿಂದ, ಹಾಜರಿದ್ದ ಸದಸ್ಯರನ್ನು ಕೇಳಲಾಗಿ ಎಲ್ಲರೂ ಬೇಡವೆಂದಿರುವುದರಿಂದ, ಒಪ್ಪಿಗೆ ಕೊಡತಕ್ಕದ್ದಲ್ಲ ಎಂದು ತೀರ್ಮಾನಿಸಲಾಯಿತು.’

ದೇವಿಕಾ ಅದನ್ನು ಮೂರು ಸಲ ಓದಿದಳು. ಗುಡ್ಡ ಮಾರಿಕೊಂಡವಳು ಎಂದು ಊರೆಲ್ಲ ಅನ್ನುವ ಹೆಂಗಸು, ಗುಡ್ಡ ಕೊಡುವುದಿಲ್ಲ ಎಂದು ಬರೆಸಿ ಸಹಿ ಹಾಕಿದ್ದಳು.

ಮುಂದಿನ ಪುಟದಲ್ಲಿ ಒಂದು ಕಾಗದ ಅಂಟಿಸಿತ್ತು. ಟೈಪ್ ಮಾಡಿದ ರಾಜೀನಾಮೆ. ಮನೆಯ ತೊಂದರೆಯಿಂದ ಉಪಾಧ್ಯಕ್ಷ ಸ್ಥಾನಕ್ಕೆ ಸ್ವಇಚ್ಛೆಯಿಂದ ರಾಜೀನಾಮೆ ಕೊಡುತ್ತಿದ್ದೇನೆ, ಅಂಗೀಕರಿಸಬೇಕು, ಇಷ್ಟೇ. ಉಪಾಧ್ಯಕ್ಷರ ರಾಜೀನಾಮೆ ಅಧ್ಯಕ್ಷರ ಕೈಗೇ ಹೋಗುವುದು ರೂಢಿ. ಉಗ್ರಪ್ಪ ‘ಬಂದಿದೆ’ ಎಂದು ಬರೆದು ಸಹಿ ಮಾಡಿದ್ದರು. ಕಾಗದದ ಕೆಳಗೆ, ತಿಪ್ಪಕ್ಕನ ಸಹಿ ಇರಬೇಕಾದ ಕಡೆ, ನೀಲಿ ಶಾಯಿಯ ಹೆಬ್ಬೆಟ್ಟು.

ಹದಿನಾಲ್ಕು ಸಲ ಸಹಿ ಹಾಕಿದವಳು ಹದಿನೈದನೆಯ ಸಲ ಹೆಬ್ಬೆಟ್ಟು ಒತ್ತಿದ್ದಳೇ? ದೇವಿಕಾ ಅದೇ ದಿನ ಪುಸ್ತಕವನ್ನು ಚೀಲದಲ್ಲಿ ಹಾಕಿಕೊಂಡು ಹೊಸದುರ್ಗದ ಬಸ್ಸು ಹತ್ತಿ, ಬಸ್‌ ಸ್ಟ್ಯಾಂಡಿನ ಎದುರಿನ ಅಂಗಡಿಯಲ್ಲಿ ಆ ಎಲ್ಲ ಪುಟಗಳನ್ನೂ ಜೆರಾಕ್ಸ್ ಮಾಡಿಸಿದಳು. ಯಾಕೆ ಅಷ್ಟು ಅವಸರ ಎಂದು ಕೇಳಿದ್ದರೆ ಅವಳಿಗೆ ಹೇಳಲು ಬರುತ್ತಿರಲಿಲ್ಲ. ಒಂದು ತಿಂಗಳು ಕಳೆದ ಮೇಲೆ ಆ ರಾಜೀನಾಮೆ ಕಾಗದ ಪುಸ್ತಕದಿಂದ ಕಿತ್ತುಹೋಗಿತ್ತು.

ಮಾರನೆಯ ದಿನ ಹಟ್ಟಿಗೆ ಹೋದಳು. ತಿಪ್ಪಕ್ಕ ಒಂದು ಮರಿಯ ಗೊರಸಿಗೆ ಬೇವಿನೆಣ್ಣೆ ಹಚ್ಚುತ್ತಿದ್ದಳು. ಬಂದವಳು ಯಾರೆಂದು ನೋಡಿ, ಕೈ ಒರೆಸಿಕೊಂಡು, ಗೋಣಿ ಹಾಸಿದಳು. ಅಷ್ಟು ವರ್ಷದಲ್ಲಿ ಆ ಗೋಣಿಯ ಮೇಲೆ ಊರಿನವರು ಯಾರೂ ಕೂತಿರಲಿಲ್ಲವೇನೋ, ಅದರಲ್ಲಿ ಮಡಿಕೆಯ ಗೆರೆ ಹಾಗೇ ಇತ್ತು.

“ದೊಡ್ಡವ್ವ, ನೀನು ರಾಜೀನಾಮೆ ಕೊಟ್ಟಿದ್ದ್ಯಾ?”

ತಿಪ್ಪಕ್ಕ ಮರಿಯನ್ನು ಮತ್ತೆ ತೊಡೆಗೆಳೆದುಕೊಂಡಳು. ಆಮೇಲೆ ಹೇಳಿದಳು, “ಎಂಟು ವರ್ಷ ಆತು ಮಗಾ. ಇದನ್ನ ನನ್ನ ಕೇಳಿದ್ದು ನೀನೇ ಮೊದ್ಲು.”

“ಹೇಳು ಮತ್ತೆ.”

“ಏನ್ ಹೇಳ್ಲಿ. ಸಭೆ ಐತೆ ಅಂತ ಹೋದೆ. ನನ್ನ ಕುರ್ಚಿ ಮ್ಯಾಲೆ ಗೊಲ್ಲಪ್ಪ ಕುಂತಿದ್ದ. ‘ನೀನೇ ಕಾಗದ ಕೊಟ್ಟಿದೀಯಲ್ಲ, ಮತ್ಯಾಕ್ ಬಂದೆ’ ಅಂದ್ರು ಉಗ್ರಪ್ಪಾರು. ಯಾವ ಕಾಗದ ತೋರ್ಸ್ರಿ ಅಂದೆ. ಓದಕ್ ಬರ್ದೋಳಿಗೆ ಏನ್ ತೋರ್ಸದು ಅಂತ ನಕ್ರು. ನಂಗೆ ಓದಕ್ ಬರ್ತಿತ್ತು ಕಣವ್ವ. ನಿಧಾನ ಬರ್ತಿತ್ತು, ಆದ್ರೂ ಬರ್ತಿತ್ತು.”

ಅವಳು ಸುಮ್ಮನಿರಲಿಲ್ಲ. ಮೇಲಿನ ಕಚೇರಿಗಳಿಗೆ ಮೂರು ಸಲ ಅಲೆದಿದ್ದಳು. ಒಂದು ಕಡೆ ಅರ್ಜಿ ಬರೆಸಿಕೊಂಡು ಬಾ ಅಂದರು. ಬರೆಸಿಕೊಂಡು ಹೋದರೆ ಸಾಹೇಬರಿಲ್ಲ ಅಂದರು. ಮೂರನೆಯ ಸಲ ಅವಳು ವಾಪಸು ಬರುವ ಹೊತ್ತಿಗೆ ಊರಲ್ಲಿ ಎರಡೆಳೆ ಸರದ ಕತೆ ಹುಟ್ಟಿತ್ತು. ತಿಂಗಳೊಪ್ಪತ್ತಿನಲ್ಲಿ ಹೊಸ ಉಪಾಧ್ಯಕ್ಷ ಗೊಲ್ಲಪ್ಪ ಕೂತ ಸಭೆ ಕ್ವಾರಿಗೆ ಒಪ್ಪಿಗೆ ಕೊಟ್ಟಿತು. ಗುಡ್ಡ ಹೋದ ಸಿಟ್ಟು ಯಾರ ಮೇಲಾದರೂ ಬೀಳಬೇಕಿತ್ತು, ಸರ ಇಸಕೊಂಡವಳ ಮೇಲೆ ಬಿತ್ತು.

“ಆ ಸರದ ಮಾತು ಹಿರಿಯೂರು ದಾಟಿ ಆದಿವಾಲಕ್ಕೂ ಹೋತು,” ಅಂದಳು ತಿಪ್ಪಕ್ಕ. “ನನ್ನ ತವರು ಅಲ್ಲೇ. ನಮ್ಮಣ್ಣ ಈರಬಸಪ್ಪ ಆಮ್ಯಾಲೆ ಈ ಕಡಿಗೆ ತಲೆ ಹಾಕ್ಲಿಲ್ಲ. ಅವ್ನ ಎರಡು ಮಕ್ಳ ಮದುವಿ ಆದ್ವು, ನಂಗೆ ಒಂದು ಹೇಳಿಕೆ ಬರ್ಲಿಲ್ಲ. ನಮ್ಮಪ್ಪ ಸತ್ತಿದ್ದು ನಂಗೆ ಹನ್ನೊಂದನೇ ದಿನ ಕುರಿ ವ್ಯಾಪಾರದೋನು ಹೇಳಿದ್ದು.”

ಇದನ್ನು ಹೇಳುವಾಗ ಅವಳ ದನಿ ಏರಲಿಲ್ಲ. ಮರಿಯ ಕಾಲು ಹಿಡಿದುಕೊಂಡೇ ಇದ್ದಳು. ದೇವಿಕಾಗೆ ಬಾವಿಕಟ್ಟೆಯಲ್ಲಿ ತನ್ನ ಅವ್ವನ ಪಕ್ಕ ನಿಂತು, ಈ ಹೆಂಗಸನ್ನು ಕಂಡು ತಾನೂ ಮುಖ ತಿರುಗಿಸಿದ್ದು ನೆನಪಾಯಿತು.

ರಾಜೀನಾಮೆಯ ಹೆಬ್ಬೆಟ್ಟಿನ ಕೆಳಗೆ ‘ಇದು ತಿಪ್ಪಕ್ಕ ಇವರ ಗುರುತು’ ಎಂದು ಬರೆದದ್ದು ಆಗಿನ ಕಾರ್ಯದರ್ಶಿ ಚಿತ್ತಪ್ಪ. ಅವರು ನಿವೃತ್ತರಾಗಿ ಹೊಳಲ್ಕೆರೆ ತಾಲ್ಲೂಕಿನ ಹೊರಕೆರೆದೇವಪುರದಲ್ಲಿದ್ದಾರೆ ಎಂದು ವಿಚಾರಿಸಿಕೊಂಡು ದೇವಿಕಾ ಭಾನುವಾರ ಹೊರಟಳು. ದೇವಸ್ಥಾನದ ಹಿಂದಿನ ಬೀದಿಯಲ್ಲಿ ಹೊಸ ತಾರಸಿ ಮನೆ. ಚಿತ್ತಪ್ಪ ಒಳ್ಳೆಯ ಮನುಷ್ಯನಂತೆಯೇ ಕಂಡರು. “ಬರ್ರಿ, ಕುಂತ್ಕಳ್ರಿ,” ಅಂದರು, ಮಜ್ಜಿಗೆ ತರಿಸಿದರು, ಉಪಾಧ್ಯಕ್ಷರ ಚರಿತ್ರೆ ಬರೆಯುತ್ತಿರುವುದು ಕೇಳಿ ಖುಷಿಪಟ್ಟರು. ಜೆರಾಕ್ಸ್ ಕಾಗದವನ್ನು ಕೈಗೆ ಕೊಟ್ಟಾಗ ಕನ್ನಡಕ ತೆಗೆದು ಒರೆಸಿದರು, ಮತ್ತೆ ಹಾಕಿಕೊಂಡರು, ಮತ್ತೆ ಒರೆಸಿದರು.

“ಈ ಹೆಬ್ಬೆಟ್ಟು ತಿಪ್ಪಕ್ಕನದಾ ಸಾರ್?”

ಅವರು ಒಳಗೆ ಹೆಂಡತಿ ಇದ್ದಾಳೋ ಎಂದು ತಿರುಗಿ ನೋಡಿದರು.

“ನಂದು,” ಅಂದರು ಸಣ್ಣ ದನಿಯಲ್ಲಿ. “ಅವ್ಳ ಸಹಿ ಹಾಕಕ್ಕೆ ನೋಡ್ದೆ. ಆ ಒತ್ತಕ್ಷರ ಹಂಗೆ ಬರ್ಲೇ ಇಲ್ಲ. ಅಧ್ಯಕ್ಷರು ಹೇಳಿದ್ರು, ಹೆಬ್ಬೆಟ್ಟು ಒತ್ತಿಬಿಡು, ಹೆಂಗಸಲ್ವಾ, ಯಾರ್ ಕೇಳ್ತಾರೆ ಅಂತ. ನಿಜಕ್ಕೂ ಯಾರೂ ಕೇಳ್ಲಿಲ್ಲ ನೋಡಮ್ಮ.”

“ಇದನ್ನ ಬರ್ದು ಕೊಡ್ತೀರಾ?”

“ಅಯ್ಯೋ, ಅದಾಗಲ್ಲ. ನಂಗೆ ವಯಸ್ಸಾಗೈತೆ. ಮಗಳ ಮನೆಯೋರು ಏನಂದ್ಕಂತಾರೆ?”

“ಆ ದೊಡ್ಡವ್ವನ ಮನೆಯೋರು ಏನಂದ್ಕಂಡ್ರು ಅಂತ ನಿಮಗೆ ಗೊತ್ತೈತಾ ಸಾರ್?”

ಚಿತ್ತಪ್ಪ ಲೋಟವನ್ನು ಅವಳ ಕಡೆ ಸರಿಸಿದರು. “ಮಜ್ಜಿಗೆ ಕುಡೀರಿ,” ಅಂದರು. ದೇವಿಕಾ ಮಜ್ಜಿಗೆಯನ್ನು ಮುಟ್ಟದೆ ಎದ್ದಳು. ಬಸ್ಸಿನಲ್ಲಿ ಊರು ಮುಟ್ಟುವ ತನಕ ಅವಳಿಗೆ ಅದೇ ಯೋಚನೆ. ಕೆಟ್ಟವನೊಬ್ಬ ಮೋಸ ಮಾಡಿದ್ದರೆ ಒಂದು ಥರ. ಮಜ್ಜಿಗೆ ಕೊಟ್ಟು, ಕುಂತ್ಕಳ್ರಿ ಎಂದು, ಮಗಳ ಮರ್ಯಾದೆಯ ಮಾತಾಡುವ ಇಂಥವರು ಒಬ್ಬ ಹೆಂಗಸಿನ ಬದುಕನ್ನು ಹೆಬ್ಬೆಟ್ಟಿನ ಕೆಳಗೆ ಅರೆದು ಹಾಕಿ, ನಿವೃತ್ತಿಯಾಗಿ, ದೇವಸ್ಥಾನದ ಹಿಂದೆ ಮನೆ ಕಟ್ಟಿಕೊಂಡು ಇರುತ್ತಾರೆ. ಅದನ್ನು ನೆನೆದಷ್ಟೂ ಅವಳಿಗೆ ಮೈ ಉರಿಯಿತು.

ಅವಳು ಬರೆದದ್ದು ಎರಡು ಪುಟವೇ. ದೊಡ್ಡತಿಮ್ಮಪ್ಪ, ಬೀರೇಶ, ಗೊಲ್ಲಪ್ಪ ಮೂವರಿಗೂ ಸೇರಿ ಅರ್ಧ ಪುಟ. ಉಳಿದ ಒಂದೂವರೆ ಪುಟ ತಿಪ್ಪಕ್ಕನದು. ಹದಿನಾಲ್ಕು ಸಹಿ, ನಡೆಸಿದ ಎರಡು ಸಭೆ, ಗೋಮಾಳದ ತೀರ್ಮಾನ, ಆಮೇಲೆ ಬಂದ ಹೆಬ್ಬೆಟ್ಟು. ಚಿತ್ತಪ್ಪ ಹೇಳಿದ್ದನ್ನು ಬರೆಯಲಿಲ್ಲ, ಬರೆದರೆ ಅವರು ಇಲ್ಲ ಅನ್ನುತ್ತಾರೆ ಎಂದು ಗೊತ್ತಿತ್ತು. ಕೊನೆಗೆ ಒಂದು ವಾಕ್ಯ ಸೇರಿಸಿದಳು: ‘ಸಹಿ ಬಲ್ಲವರು ಹೆಬ್ಬೆಟ್ಟು ಒತ್ತಿದ್ದೇಕೆ ಎಂದು ಪಂಚಾಯತಿ ಇದುವರೆಗೆ ವಿಚಾರಿಸಿರುವುದಿಲ್ಲ.’

ಉಗ್ರಪ್ಪ ಅದನ್ನು ನಿಂತುಕೊಂಡೇ ಓದಿದರು. ಓದಿ ಮಡಿಸಿ ಜೇಬಿಗಿಟ್ಟುಕೊಂಡರು. ದೇವಿಕಾಳ ಹತ್ತಿರ ಇನ್ನೊಂದು ಪ್ರತಿ ಇತ್ತು.

“ನಿಂಗೆ ಹೆಸರು, ಇಸವಿ ಬರಿ ಅಂದಿದ್ದೆ.”

“ಬರ್ದೀನಿ ಅಧ್ಯಕ್ಷರೇ. ಇಸವಿ ಎಲ್ಲಾ ಐತೆ.”

“ಗ್ರಂಥಾಲಯದ ಬೀಗದ ಕೈ ಯಾರ್ ಕೊಟ್ಟಿದ್ದು ನಿಂಗೆ?”

“ಪಂಚಾಯತಿ ಕೊಟ್ಟಿದ್ದು.”

“ಪಂಚಾಯತಿ ಅಂದ್ರೆ ಯಾರು?” ಎಂದು ಕೇಳಿ, ಅವಳ ಉತ್ತರಕ್ಕೆ ಕಾಯದೆ ಕಾಲು ಎಳೆಯುತ್ತಾ ಹೋದರು. ಮುರಿದ ಕಾಲು ಅವರಿಗೆ ಪೂರ್ತಿ ಸರಿಹೋಗಿರಲಿಲ್ಲ.

ಒಂದು ವಾರ ಬಿಟ್ಟು ಶಾಲೆಯ ಮುಂದೆ ಗ್ರಾಮಸಭೆ ಸೇರಿತು. ವಿಷಯ ಮನೆ ಹಂಚಿಕೆ, ಬೀದಿ ದೀಪ, ಹತ್ತು ವರ್ಷದ ಸಮಾರಂಭ. ತಿಪ್ಪಕ್ಕನನ್ನು ದೇವಿಕಾ ಹೋಗಿ ಕರೆದಿದ್ದಳು. ಬರುವುದಿಲ್ಲ ಅಂದಿದ್ದವಳು ಬಂದು, ಹಿಂದೆ ಗೋಡೆಗೆ ಒರಗಿ ನಿಂತಿದ್ದಳು. ಸಮಾರಂಭದ ಮಾತು ಬಂದ ಕೂಡಲೇ ದೇವಿಕಾ ಎದ್ದಳು.

“ಉಪಾಧ್ಯಕ್ಷರ ಚರಿತ್ರೆ ಬರೀರಿ ಅಂದಿದ್ರಿ. ಪುಸ್ತಕಕ್ಕೆ ಹಾಕೋ ಹಂಗೆ ಕಾಣಲ್ಲ. ಅದಕ್ಕೇ ಇಲ್ಲಿ ಓದ್ತೀನಿ.”

ಓದಿದಳು. ಗೋಮಾಳ ಕೊಡುವುದಿಲ್ಲ ಎಂದು ಬರೆದ ಸಾಲು ಬಂದಾಗ ಗಂಡಸರ ಸಾಲಿನಲ್ಲಿ ಗುಜುಗುಜು ಎದ್ದಿತು. ಹೆಬ್ಬೆಟ್ಟಿನ ಮಾತು ಬಂದಾಗ ಅದೂ ನಿಂತಿತು. ಜೆರಾಕ್ಸ್ ಕಾಗದಗಳು ಕೈಯಿಂದ ಕೈಗೆ ಹೋದವು. ಓದು ಬಾರದವರೂ ಆ ಸಹಿಯನ್ನೂ ಈ ಹೆಬ್ಬೆಟ್ಟನ್ನೂ ನೋಡಿ ಪಕ್ಕದವರಿಗೆ ಕೊಟ್ಟರು.

“ಜೆರಾಕ್ಸ್‌ನಾಗೆ ಏನ್ ಬೇಕಾದ್ರೂ ಬರ್ಸಬೋದು,” ಅಂದರು ಉಗ್ರಪ್ಪ. “ಮೂಲ ಕಾಗದ ಎಲ್ಲೈತೆ ತೋರ್ಸು. ಅವತ್ತು ಸರ ಇಸ್ಕಂಡೋಳು ಇವತ್ತು ಈ ಹುಡುಗಿನ್ ಹಿಡ್ಕಂಡು ನಾಟ್ಕ ಆಡ್ತಾಳೆ.”

ತಿಪ್ಪಕ್ಕ ಗೋಡೆಯಿಂದ ಒಂದು ಹೆಜ್ಜೆ ಮುಂದೆ ಬಂದಳು. ಅವಳ ಬಾಯಿ ಅಲ್ಲಾಡಿತು, ಮಾತು ಹೊರಡಲಿಲ್ಲ. ಎಂಟು ವರ್ಷ ಯಾರೊಂದಿಗೂ ಆಡದ ಮಾತು ಇಷ್ಟು ಜನರ ಮುಂದೆ ಒಮ್ಮೆಗೇ ಎಲ್ಲಿಂದ ಬರಬೇಕು.

ಆಗ ಮಾತಾಡಿದವಳು ಹೇಮಾವತಿ. ಎರಡು ವರ್ಷ ಆ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತಿದ್ದರೂ ಗ್ರಾಮಸಭೆಯಲ್ಲಿ ಅವಳ ದನಿ ಕೇಳಿದವರಿಲ್ಲ. ಕೂತ ಕಡೆಯಿಂದಲೇ ಕೇಳಿದಳು, “ಆ ಸರನ ಯಾರ್ಯಾರು ಕಂಡೀರಿ?”

ಮುಂದಿನ ಸಾಲಿನವರು ಹಿಂದೆ ತಿರುಗಿ ನೋಡಿದರು.

“ಎಂಟು ವರ್ಷದಿಂದ ಸರ ಸರ ಅಂತೀರಿ. ನಾನು ಈ ಊರಿಗೆ ಸೊಸೆಯಾಗಿ ಬಂದ ದಿನವೇ ಕೇಳ್ದೆ ಈ ಮಾತ. ಅವ್ಳ ಕೊರಳಾಗೆ ಕಂಡೋರು, ಪೆಟ್ಟಿಗಿನಾಗೆ ಕಂಡೋರು, ಮಾರಿದ್ದು ಕಂಡೋರು, ಯಾರಿದೀರಿ ಎದ್ದೇಳ್ರಿ.”

“ಹೇಮಾ, ಸುಮ್ನೆ ಕುಂತ್ಕ,” ಅಂದರು ಉಗ್ರಪ್ಪ.

“ಕುಂತೇ ಇದೀನಿ ಮಾವ. ಕುಂತೇ ಕೇಳ್ತಿದೀನಿ.” ಅವಳು ಗಂಡಸರ ಸಾಲಿನತ್ತ ತಿರುಗಿದಳು. “ಗೊಲ್ಲಪ್ಪಣ್ಣ, ನೀವು ಕಂಡೀರಾ? ಆ ಕುರ್ಚಿ ಮ್ಯಾಲೆ ಆಮ್ಯಾಲೆ ಕುಂತೋರು ನೀವೇ.”

ಗೊಲ್ಲಪ್ಪನಿಗೆ ಆಗ ಅರವತ್ತು ದಾಟಿತ್ತು. ಕ್ವಾರಿಯ ದೂಳು ಕುಡಿದು ಕೆಮ್ಮು ಹತ್ತಿತ್ತು. ಅವನ ಕುರಿಗಳೂ ಮೇಯಲು ಜಾಗವಿಲ್ಲದೆ ಮಾರಾಟವಾಗಿದ್ದವು. ಅವನು ಟವೆಲ್ಲಿನಲ್ಲಿ ಬಾಯಿ ಮುಚ್ಚಿಕೊಂಡು ಕೆಮ್ಮಿ ಎದ್ದು ನಿಂತ.

“ನಾನು ಕಂಡಿಲ್ಲ,” ಅಂದ. “ಹಂಗೆ ಹೇಳು ಅಂದ್ರು, ಹೇಳ್ದೆ. ಚಾದಂಗಡಿನಾಗೆ ಮೊದ್ಲು ಹೇಳಿದ್ದು ನಾನೇ. ಕಂಡಿಲ್ಲ ತಾಯಿ, ಏನೂ ಕಂಡಿಲ್ಲ.”

ಯಾರು ಹೇಳು ಅಂದರು ಎಂದು ಹೇಮಾವತಿ ಕೇಳಲಿಲ್ಲ. ಕೇಳುವ ಅಗತ್ಯವೂ ಇರಲಿಲ್ಲ. ಊರಿನ ಮುಖಗಳೆಲ್ಲ ಒಂದೇ ಕಡೆ ತಿರುಗಿದ್ದವು. ಉಗ್ರಪ್ಪ ಎದ್ದು, ಪಂಚೆ ಸರಿಮಾಡಿಕೊಂಡು, “ಹುಚ್ಚರ ಸಂತೆ,” ಎಂದು ಗೊಣಗಿ ಹೊರಟರು. ಅವರ ಹಿಂದೆ ಐದಾರು ಜನ ಹೋದರು. ಮಿಕ್ಕವರು ಕೂತೇ ಇದ್ದರು.

ಹೇಮಾವತಿ ಈಗಿನ ಕಾರ್ಯದರ್ಶಿಯ ಕಡೆ ನೋಡಿದಳು. “ಬರ್ಕಳ್ರಿ. ತಿಪ್ಪಕ್ಕಾರು ರಾಜೀನಾಮೆ ಕೊಟ್ಟಿಲ್ಲ ಅಂತ ಸಭೆಗೆ ಗೊತ್ತಾಗೈತೆ. ಗೊಲ್ಲಪ್ಪಾರು ಹೇಳಿದ ಮಾತೂ ಹಂಗೇ ಬರೀರಿ. ವಿಚಾರಣಿ ಆಗ್ಲಿ ಅಂತ ಮ್ಯಾಲಕ್ಕೆ ಕಳ್ಸಾಣ.” ಕಾರ್ಯದರ್ಶಿ ಹಿಂದೆ ಮುಂದೆ ನೋಡಿ ಬರೆದ. ಅವಳು ಪುಸ್ತಕವನ್ನು ತೊಡೆಯ ಮೇಲಿಟ್ಟುಕೊಂಡು ಮೊದಲಿನಿಂದ ಕೊನೆಯವರೆಗೆ ಓದಿ, ಆಮೇಲೆ ಸಹಿ ಹಾಕಿದಳು.

ದೇವಿಕಾಗೆ ಆ ಸಂಜೆ ಗೆದ್ದೆ ಅನ್ನಿಸಿತು. ಆದರೆ ಆ ಸಂತೋಷ ಹೆಚ್ಚು ದಿನ ಉಳಿಯಲಿಲ್ಲ. ಉಗ್ರಪ್ಪ ಹೇಮಾವತಿಯನ್ನು ಹದಿನೈದು ದಿನದಲ್ಲಿ ತವರಿಗೆ ಕಳಿಸಿ, ಆರೋಗ್ಯ ಸರಿಯಿಲ್ಲ ಎಂದು ರಜೆ ಬರೆಸಿ, ದೊಡ್ಡತಿಮ್ಮಪ್ಪನವರಿಂದ ಸಭೆ ಮಾಡಿಸಿದರು. ವಿಚಾರಣೆಯ ಕಾಗದಕ್ಕೆ ಮೇಲಿನಿಂದ ಉತ್ತರ ಬಂತು: ವಿಷಯ ಹಳೆಯದು, ಮೂಲ ದಾಖಲೆ ಲಭ್ಯವಿಲ್ಲ, ಕಡತ ಮುಕ್ತಾಯ. ಗ್ರಂಥಾಲಯದ ಬೀಗದ ಕೈಯನ್ನು ದೇವಿಕಾಳಿಂದ ಕೇಳಿ ಪಡೆದರು. ಸಮಾರಂಭ ಶಾಮಿಯಾನ ಹಾಕಿ ಜೋರಾಗಿ ನಡೆಯಿತು. ಪುಸ್ತಕವೂ ಬಂತು. ಉಪಾಧ್ಯಕ್ಷರ ಭಾಗದಲ್ಲಿ ಹೀಗಿತ್ತು: ‘ಶ್ರೀಮತಿ ತಿಪ್ಪಕ್ಕ, ೧೯೯೪-೯೬, ಸ್ವಇಚ್ಛೆಯಿಂದ ನಿವೃತ್ತಿ.’

ಆ ಸಾಲನ್ನು ಓದಿದ ದಿನ ದೇವಿಕಾ ಅನ್ನ ಮುಟ್ಟಲಿಲ್ಲ. ಸುಳ್ಳೆಂದು ಊರಿಗೆ ಊರೇ ಕೇಳಿಸಿಕೊಂಡ ಮೇಲೂ ಅದನ್ನೇ ಅಚ್ಚು ಹಾಕಿಸಿ, ಮನೆ ಮನೆಗೆ ಹಂಚಿ, ಶಾಲೆಯ ಮಕ್ಕಳಿಗೆ ಬಹುಮಾನವಾಗಿ ಕೊಡುತ್ತಾರೆಂದರೆ ಇವರಿಗೆ ಎಷ್ಟು ಧೈರ್ಯವಿರಬೇಕು. ತನ್ನ ಎರಡು ಪುಟವನ್ನು ಅವಳು ಕೈಯಲ್ಲೇ ಬರೆದು ಬರೆದು, ಚಿತ್ರದುರ್ಗದ ಪತ್ರಿಕೆಗಳಿಗೆ, ಜಿಲ್ಲೆಯ ಅಧಿಕಾರಿಗಳಿಗೆ, ತನಗೆ ಪಾಠ ಹೇಳಿದ ಮೇಷ್ಟ್ರಿಗೆ ಕಳಿಸುತ್ತಾ ಹೋದಳು. ಒಂದು ಸಣ್ಣ ಪತ್ರಿಕೆ ಮೂರನೆಯ ಪುಟದಲ್ಲಿ ಹಾಕಿತು. ಆ ಪತ್ರಿಕೆ ಹಿರಿಯೂರಿನ ಕಡೆಗೂ ಹೋಗುತ್ತಿತ್ತು.

ಹಾಗಾಗಿ ಮುಂದಿನ ಮಾಗಿಯಲ್ಲಿ ಒಂದು ಬೆಳಿಗ್ಗೆ ಆದಿವಾಲದಿಂದ ಈರಬಸಪ್ಪ ಬಂದ. ಕೈಯಲ್ಲಿ ಕಿರಿಯ ಮಗಳ ಲಗ್ನಪತ್ರಿಕೆ, ಸೀರೆ, ಹಣ್ಣು. ದೇವಿಕಾ ಅವತ್ತು ಹಟ್ಟಿಯಲ್ಲೇ ಇದ್ದಳು. ಕೆಲಸ ಹೋದ ಮೇಲೆ ಅವಳು ದಿನ ಬಿಟ್ಟು ದಿನ ಅಲ್ಲಿಗೆ ಹೋಗುತ್ತಿದ್ದಳು, ತಿಪ್ಪಕ್ಕ ಪತ್ರಿಕೆ ಓದುವುದನ್ನು ಮತ್ತೆ ಅಭ್ಯಾಸ ಮಾಡುತ್ತಿದ್ದಳು. ಈರಬಸಪ್ಪ ಬಾಗಿಲ ಹೊರಗೆ ನಿಂತು ಅತ್ತ. ವಯಸ್ಸಾದ ಗಂಡಸು ಅಳುವುದನ್ನು ನೋಡಲಾಗದೆ ದೇವಿಕಾ ಎದ್ದು ಹೋಗಲು ನೋಡಿದಳು. ತಿಪ್ಪಕ್ಕ ಅವಳ ಕೈ ಹಿಡಿದು ಕೂರಿಸಿದಳು.

“ತಪ್ಪಾತು ತಂಗಿ,” ಅಂದ ಈರಬಸಪ್ಪ. “ಊರೋರು ಹೇಳಿದ್ದ ನಂಬಿಬಿಟ್ಟೆ. ಈಗ ಪೇಪರ್‌ನಾಗೆ ಬಂದೈತೆ, ಎಲ್ರೂ ಓದವ್ರೆ. ಹೋಗಾಣ ಬಾ. ನೀನಿಲ್ದೆ ಲಗ್ನ ಆಗಲ್ಲ.”

ದೇವಿಕಾ ಅಂದುಕೊಂಡಳು, ಇನ್ನು ತಿಪ್ಪಕ್ಕ ಅಳುತ್ತಾಳೆ, ಹೋಗುತ್ತಾಳೆ. ಒಂಬತ್ತು ವರ್ಷ ಅವಳು ಕಾದದ್ದು ಇದಕ್ಕೇ ಅಲ್ಲವೇ.

ತಿಪ್ಪಕ್ಕ ಒಳಗೆ ಹೋಗಿ ಚೊಂಬಿನಲ್ಲಿ ನೀರು ತಂದು ಅಣ್ಣನ ಮುಂದೆ ಇಟ್ಟಳು. ಎದುರಿಗೆ ಕೂತಳು.

“ಅಣ್ಣಯ್ಯ, ಪೇಪರ್‌ನೋರು ಹೇಳಿದ್ರು ಅಂತ ಈಗ ನಂಬಿದ್ಯಾ,” ಅಂದಳು. “ಅವತ್ತು ಊರೋರು ಹೇಳಿದ್ರು ಅಂತ ಅದನ್ನ ನಂಬಿದ್ದೆ. ನಾಳೆ ಇನ್ನೊಬ್ರು ಇನ್ನೊಂದು ಹೇಳ್ತಾರೆ. ನಾನು ನಿನ್ನ ಬೆನ್ ಹಿಂದೆ ಹುಟ್ಟಿದೋಳು. ಒಂದಿನ, ಒಂದೇ ದಿನ, ಬಸ್ ಹತ್ತಿ ಬಂದು ‘ತಿಪ್ಪಿ, ಇದು ನಿಜವೇನೇ’ ಅಂತ ನನ್ನ ಕೇಳ್ಬೋದಿತ್ತಲ್ಲ. ಉಗ್ರಪ್ಪಾರು ನನ್ನ ಕುರ್ಚಿ ಕಿತ್ಕಂಡ್ರು. ಅದು ಪಂಚಾಯತಿ ಕುರ್ಚಿ, ಇವತ್ತು ಇವ್ರದು, ನಾಳೆ ಅವ್ರದು. ನೀನು ಅಪ್ಪನ ಮುಖ ನೋಡೋದು ತಪ್ಪಿಸ್ದೆ. ಅದನ್ನ ಯಾವ ಸಭೆನಾಗೆ ಬರ್ಸಿ ವಾಪಸ್ ತರ್ಲಿ?”

ಈರಬಸಪ್ಪ ಸೀರೆಯನ್ನು ಕಟ್ಟೆಯ ಮೇಲಿಟ್ಟ.

“ಅದನ್ನ ತಗಂಡ್ ಹೋಗು,” ಅಂದಳು ತಿಪ್ಪಕ್ಕ. “ಮದುವಿ ಚೆಂದಾಗಿ ಆಗ್ಲಿ. ಹುಡುಗಿಗೆ ನನ್ನ ಹೆಸರು ಹೇಳಿ ಅಕ್ಷತೆ ಹಾಕು. ನಾನು ಬರಲ್ಲ.”

ಅವನು ನೀರು ಕುಡಿದು, ಸೀರೆ ತೆಗೆದುಕೊಂಡು ಹೋದ. ತಿಪ್ಪಕ್ಕ ಚೊಂಬು ತೊಳೆದಿಟ್ಟು, ಕೋಲು ತೆಗೆದುಕೊಂಡು ಕುರಿ ಹೊರಡಿಸಿದಳು. ಮೇವಿಗೆ ಈಗ ಮೂರು ಮೈಲಿ ನಡೆಯಬೇಕಿತ್ತು, ಹೊತ್ತಾದರೆ ಬಿಸಿಲೇರುತ್ತಿತ್ತು. ದೇವಿಕಾ ಎದ್ದು ಅವಳ ಜೊತೆ ಹೊರಟಳು.